ಕಸ ಬೇಕಾಗಿದೆ

ಜೂನ್ 5 ಹತ್ತಿರ ಬಂತೆಂದರೆ ಮಂಡ್ಯದ ಫ್ಯಾನ್ಸಿ ಸ್ಟೋರ್‌ಗಳಿಗೆ ಸುಗ್ಗಿ. ಅವತ್ತು ವಿಶ್ವ ಪರಿಸರ ದಿನ. 1973ರಿಂದ ಜಗತ್ತು ಅದನ್ನು ಆಚರಿಸಿಕೊಂಡು ಬಂದಿದೆ, ನಮ್ಮ ಶಾಲೆಗಳೂ ಬಿಟ್ಟಿಲ್ಲ. ಬೇಸಿಗೆ ರಜೆ ಮುಗಿದು ಆಗಷ್ಟೇ ಬಾಗಿಲು ತೆಗೆದಿರುತ್ತಾರೆ. ಪುಸ್ತಕ ಬಂದಿರುವುದಿಲ್ಲ. ಯೂನಿಫಾರಂ ಇನ್ನೂ ಟೈಲರ್ ಹತ್ತಿರ ಇರುತ್ತದೆ. ಆದರೆ ‘ಕಸದಿಂದ ರಸ’ ಸ್ಪರ್ಧೆಯ ಮೆಸೇಜು ಮಾತ್ರ ಪೋಷಕರ ವಾಟ್ಸಾಪ್ ಗ್ರೂಪಿಗೆ ತಪ್ಪದೆ ಬಂದು ಬೀಳುತ್ತದೆ. ಮನೆಯಲ್ಲಿ ಬೇಡವಾಗಿ ಬಿದ್ದಿರುವ ಸಾಮಾನಿನಿಂದ ಮಕ್ಕಳು ಏನಾದರೂ ಚೆಂದದ್ದು ಮಾಡಿಕೊಂಡು ಬರಬೇಕು. ಬೇಕಾಗುವ ಸಾಮಾನಿನ ಪಟ್ಟಿ ಕೆಳಗಿದೆ.

ಥರ್ಮಾಕೋಲ್ ಶೀಟು ಎರಡು. ಐಸ್‌ಕ್ರೀಮ್ ಕಡ್ಡಿ ಒಂದು ಪ್ಯಾಕೆಟ್. ಪೇಪರ್ ಕಪ್ಪು ಒಂದು ಡಜನ್. ಗ್ಲಿಟರ್ ಶೀಟು, ಬಣ್ಣದ ಉಲ್ಲನ್, ಗ್ಲೂ ಗನ್ನು. ಖಾಲಿ ನೀರಿನ ಬಾಟಲಿ ನಾಲ್ಕು. ಎಲ್ಲವೂ ಒಂದೇ ಅಳತೆಯವಿರಬೇಕು, ಸೊಟ್ಟಗಾಗಿರಬಾರದು.

ಅಂದರೆ ಕಸ ಹೊಚ್ಚ ಹೊಸದಾಗಿರಬೇಕು.

ಅಲಂಕಾರದ ಥರ್ಮಾಕೋಲ್ ದೇಶದಲ್ಲೆಲ್ಲ ನಿಷೇಧವಾಗಿದ್ದು 2022ರ ಜುಲೈ 1ರಿಂದ. ಪರಿಸರ ದಿನದ ಪಟ್ಟಿಯಲ್ಲಿ ಅದಕ್ಕೇ ಮೊದಲ ಸಾಲು. ಏನು ಮಾಡೋದು ಹೇಳಿ, ಕಾನೂನು ಬೇರೆ, ಮಾಡೆಲ್ಲು ಬೇರೆ. ರಟ್ಟು ಬಾಗುತ್ತೆ, ಥರ್ಮಾಕೋಲ್ ನೆಟ್ಟಗೆ ನಿಲ್ಲುತ್ತೆ.

ಪೇಟೆಯವರಿಗೆ ಇದೆಲ್ಲ ಒಂದು ಸಂಜೆಯ ಕೆಲಸ. ನಮ್ಮಂಥವರ ಕಷ್ಟ ಬೇರೆ. ಪಾಂಡವಪುರದ ಕಡೆ, ನಾಲೆ ಪಕ್ಕದ ಊರು ನಮ್ಮದು. ಮನೆಯಲ್ಲಿ ಅತ್ತೆಯದೇ ಆಡಳಿತ. ಆ ಆಡಳಿತದಲ್ಲಿ ಕಸ ಅನ್ನುವ ಇಲಾಖೆಯೇ ಇಲ್ಲ.

ನಮ್ಮ ಮಾವನವರ ಒಂದು ಲುಂಗಿಯ ಸರ್ವಿಸ್ ರೆಕಾರ್ಡ್ ನೋಡಿದರೆ ಸಾಕು. ನೇಮಕಾತಿ ಯುಗಾದಿಗೆ. ಮೊದಲ ಪೋಸ್ಟಿಂಗ್ ಮಾವನವರ ಸೊಂಟ, ಊರೊಳಗೆ ಓಡಾಟ. ಬಣ್ಣ ಹೋದ ಮೇಲೆ ಗದ್ದೆಗೆ ವರ್ಗ. ಹಿಂದೆ ಹರಿದ ಮೇಲೆ ಹುದ್ದೆ ಎರಡಾಗಿ, ಅರ್ಧ ಟವೆಲ್ಲು, ಇನ್ನರ್ಧ ಮಸಿಬಟ್ಟೆ. ಮಸಿಬಟ್ಟೆ ಅಡುಗೆಮನೆಯಲ್ಲಿ ನಿಯತ್ತಾಗಿ ದುಡಿದು ನೆಲ ಒರೆಸೋಕೆ ಇಳಿಯುತ್ತೆ. ಅಲ್ಲಿಂದ ಬೈಕ್ ಒರೆಸೋಕೆ. ಗ್ರೀಸ್ ಹಿಡಿದ ಮೇಲೆ ಪಂಪ್‌ಸೆಟ್ಟಿನ ಪೈಪಿಗೆ ಸುತ್ತಿಕೊಂಡು ನೀರು ಸೋರದ ಹಾಗೆ ಕಾವಲು. ಅಲ್ಲೂ ನಿವೃತ್ತಿ ಇಲ್ಲ. ಕೊನೆಗೆ ಹಂಡೆ ಒಲೆಗೆ ಹೋಗುತ್ತೆ. ಬೂದಿಯಾದರೆ ಬಿಟ್ಟರು ಅಂದುಕೊಂಡಿರಾ? ಪಾತ್ರೆ ತಿಕ್ಕೋಕೆ ಬೂದಿ ಬೇಕಲ್ಲ.

ತೆಂಗಿನ ಮರದ ಮಾತು ಎತ್ತಲೇಬೇಡಿ. ಗರಿ ಪೊರಕೆಗೆ, ಮಟ್ಟೆ ಸೌದೆಗೆ, ನಾರು ಪಾತ್ರೆಗೆ, ಚಿಪ್ಪು ನೀರೊಲೆಗೆ. ಗೊಬ್ಬರದ ಚೀಲ ಒಗೆದರೆ ಒಣಗಿಸೋ ಹಾಸು, ಮಡಿಸಿದರೆ ಕೈಚೀಲ, ಮಳೆ ಬಂದರೆ ತಲೆ ಮೇಲೆ ಗೊಪ್ಪೆ. ಯೂರಿಯಾ ಮೂಟೆಯನ್ನು 2018ರಲ್ಲಿ 50 ಕೆ.ಜಿ.ಯಿಂದ 45ಕ್ಕೆ ಇಳಿಸಿದಾಗ ಊರಿನವರೆಲ್ಲ ಐದು ಕೆ.ಜಿ. ಗೊಬ್ಬರ ಹೋಯ್ತು ಅಂತ ಕೊರಗಿದರು. ಅತ್ತೆಗೆ ಬಂದ ಮೊದಲ ಅನುಮಾನ, ಚೀಲವೂ ಸಣ್ಣದಾಯ್ತೇನೋ ಅಂತ.

ಇನ್ನು ಫ್ಲೆಕ್ಸು. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧವಾಗಿದ್ದು 2016ರ ಮಾರ್ಚ್‌ನಲ್ಲಿ. ಆ ಆದೇಶ ನಮ್ಮೂರ ಸರ್ಕಲ್‌ಗೆ ಇನ್ನೂ ತಲುಪಿಲ್ಲ. ಮುಖಂಡರ ಹುಟ್ಟುಹಬ್ಬಕ್ಕೆ ಒಂದು, ಗಣೇಶನಿಗೆ ಒಂದು, ಹೊಸ ವರ್ಷಕ್ಕೆ ಒಂದು ಎದ್ದೇಳುತ್ತಲೇ ಇರುತ್ತವೆ. ಹಬ್ಬ ಮುಗಿದ ರಾತ್ರಿ ಫ್ಲೆಕ್ಸ್ ಮಾಯ. ಬೆಳಗಾಗುವಷ್ಟರಲ್ಲಿ ಅದು ಯಾರದೋ ಹುಲ್ಲಿನ ಮೆದೆ ಮೇಲೆ. ನಮ್ಮ ಮೆದೆಯ ಮೇಲೆ ಸದ್ಯಕ್ಕೆ ಒಬ್ಬ ಮುಖಂಡರು ಆಕಾಶ ನೋಡುತ್ತಾ ಕೈ ಮುಗಿದು ಮಲಗಿದ್ದಾರೆ. ಕೊಟ್ಟಿಗೆ ಸೂರಿನ ಮೇಲೆ ಅವರ ಎದುರಾಳಿ ಪಕ್ಷದವರು. ಇಬ್ಬರೂ ಸೇರಿ ಮುಂಗಾರಿನಿಂದ ನಮ್ಮ ಎಮ್ಮೆಯನ್ನೂ ಅದರ ಮೇವನ್ನೂ ಕಾಪಾಡಿದ್ದಾರೆ. ಅಧಿಕಾರದಲ್ಲಿದ್ದಾಗ ಮಾಡಿದ್ದಕ್ಕಿಂತ ಇದು ಜಾಸ್ತಿ ಕೆಲಸ ಅಂತ ಮಾವನವರ ಅಭಿಪ್ರಾಯ. ಅತ್ತೆ ಪಕ್ಷ ಗಿಕ್ಷ ನೋಡುವುದಿಲ್ಲ. ಬೆರಳಲ್ಲಿ ಉಜ್ಜಿ ನೋಡುತ್ತಾರೆ. “ಇವಂದು ದಪ್ಪ ಐತೆ ಕಣಮ್ಮಿ, ಒಳ್ಳೆ ಮನ್ಸ” ಅನ್ನುತ್ತಾರೆ.

ಇಂಥ ಮನೆ ಮುಂದೆ ಪಂಚಾಯ್ತಿಯ ‘ಸ್ವಚ್ಛ ವಾಹಿನಿ’ ಬಂದು ನಿಂತಾಗ ಶುರುವಾಯ್ತು ಪೇಚಾಟ. ಯೋಜನೆ ಒಳ್ಳೆಯದೇ. ನಮ್ಮೂರ ಹೆಣ್ಣುಮಗಳೇ ಗಾಡಿ ಓಡಿಸಿಕೊಂಡು ಬರುವುದು ನೋಡೋಕೇ ಖುಷಿ. ಹಸಿ ಕಸಕ್ಕೊಂದು, ಒಣ ಕಸಕ್ಕೊಂದು ಬಕೆಟ್ಟು ಕೊಟ್ಟು ಹೋದರು. ಅತ್ತೆ ಒಂದರಲ್ಲಿ ಹುರುಳಿ ನೆನೆಹಾಕಿದರು, ಇನ್ನೊಂದು ಕರುವಿನ ನೀರಿಗೆ ಹೋಯ್ತು. ತಿಂಗಳು ಕಳೆದ ಮೇಲೆ ಡ್ರೈವರ್ ಹುಡುಗಿ ರಿಜಿಸ್ಟರ್ ಹಿಡಿದು ಬಾಗಿಲಿಗೆ ಬಂದಳು.

“ದೊಡ್ಡವ್ವಾ, ಎಲ್ಲಾರ ಮನೆಯಿಂದ್ಲೂ ಕಸ ಬತ್ತದೆ, ನಿಮ್ಮನೇದು ಎಲ್ಲಿ?”

“ಇದ್ರೆ ತಾನೆ ಕೊಡಾದು?”

“ಅಂಗಂದ್ರೆ ಎಂಗೆ? ನಾಲೆಗೆ ಸುರೀತಾವ್ರಾ ಅಂತ ಪಂಚಾಯ್ತೀಲಿ ನನ್ನ ಕೇಳ್ತಾರೆ.”

ಪಾಪ, ಅವಳದೂ ತಪ್ಪಿಲ್ಲ. ರಿಜಿಸ್ಟರಿನಲ್ಲಿರುವುದು ಎರಡೇ ಕಾಲಂ. ಕೊಟ್ಟರು, ಕೊಡಲಿಲ್ಲ. ಕಸವೇ ಮಾಡದವರಿಗೆ ಅಂತ ಯಾರೂ ಕಾಲಂ ಹಾಕಿಲ್ಲ. ದಿನಾ ಎರಡು ಬಕೆಟ್ ತುಂಬಿ ಕೊಡುವ ಮನೆ ಜವಾಬ್ದಾರಿಯುತ ನಾಗರಿಕರದು. ನಮ್ಮದು ಅಸಹಕಾರ. ಮೇಲೆ ಕಸದ ಶುಲ್ಕ ಬೇರೆ ಕಟ್ಟಬೇಕು, ಇಲ್ಲದ ಕಸಕ್ಕೆ.

ಹೀಗೆ ಊರಲ್ಲಿ ಮಾನ ಹೋಗಿದ್ದ ಹೊತ್ತಿನಲ್ಲೇ ಮಗಳ ಶಾಲೆಯ ಪಟ್ಟಿ ಬಂದದ್ದು. ಮೊದಲಿಗೆ ಅಜ್ಜಿ ಮೊಮ್ಮಗಳು ಕೂತು ತಮಗೆ ಬರುವುದನ್ನೇ ಮಾಡಿದರು. ಹಳೇ ಸೀರೆಯ ಅಂಚು ಹರಿದು, ಮೂರೆಳೆ ಹೆಣೆದು, ಸುತ್ತಿ ಸುತ್ತಿ ಒಂದು ಸಿಂಬಿ. ಕೆಂಪು ಅಂಚು ಹೊರಗೆ ಬರುವ ಹಾಗೆ ಸುತ್ತಿದ್ದರು. ತಲೆ ಮೇಲೆ ಕೊಡ ಕೂರಿಸಿಕೊಂಡು ಮಗಳು ಅಂಗಳದಲ್ಲೆಲ್ಲ ನಡೆದಳು. ಒಂದು ಹನಿ ಚೆಲ್ಲಲಿಲ್ಲ. ಫೋಟೊ ತೆಗೆದು ಟೀಚರ್‌ಗೆ ಕಳಿಸಿದೆ.

ಉತ್ತರ ಬಂತು. “ಚೆನ್ನಾಗಿದೆ ಮೇಡಂ. ಆದ್ರೆ ಇದು ಯೂಸ್ ಆಗುತ್ತಲ್ವಾ? ಯೂಸ್ ಆಗೋದು ವೇಸ್ಟ್ ಹೇಗಾಗುತ್ತೆ? ಶೋಕೇಸಲ್ಲಿ ಇಡೋ ಥರದ್ದು ಏನಾದ್ರೂ ಮಾಡಿಸಿ.”

‘ಮಾಡಿಸಿ’ ಅಂದಿದ್ದು ಬಾಯಿ ತಪ್ಪಿ ಅಲ್ಲ. ಮಂಡ್ಯದಲ್ಲಿ ಆರ್ಡರ್ ಕೊಟ್ಟರೆ ಪ್ರಾಜೆಕ್ಟ್ ಮಾಡಿಕೊಡುವವರೂ ಇದ್ದಾರೆ. ಮಗುವಿನ ಕ್ಲಾಸು ಹೇಳಿದರೆ ಸಾಕು, ಆ ವಯಸ್ಸಿಗೆ ತಕ್ಕ ಹಾಗೆ ಅಲ್ಲಲ್ಲಿ ಗೋಂದು ಮೆತ್ತಿ ಕೊಡುತ್ತಾರಂತೆ.

ಅಷ್ಟು ದುಡ್ಡಿಲ್ಲದ್ದಕ್ಕೆ ನಾವು ಕಿಟ್ಟಿನ ಮೊರೆ ಹೋದೆವು. ‘ವೇಸ್ಟ್ ಕಿಟ್’ ಅಂತಲೇ ಕೇಳಿದರೆ ಕೊಡುತ್ತಾರೆ, ಇನ್ನೂರೈವತ್ತು ರೂಪಾಯಿ. ಬಾಟಲಿ ಮಾತ್ರ ಅದರಲ್ಲಿ ಬರುವುದಿಲ್ಲ. ಗುಜರಿ ಅಂಗಡಿಯವನ ಹತ್ತಿರ ಗುಡ್ಡೆಯೇ ಇತ್ತು. ಆದರೆ ಒಂದೇ ಅಳತೆಯವು ಬೇಕು, ಸೊಟ್ಟಗಿರಬಾರದು ಅಂದಿದ್ದಕ್ಕೆ ಅವನು ನನ್ನನ್ನು ಒಂದು ಥರಾ ನೋಡಿದ. “ಅಂಥವು ಬೇಕಂದ್ರೆ ಬೇಕರೀಲಿ ತಗೊಳಿ ಅಕ್ಕಾ, ನೀರು ತುಂಬಿರ್ತದೆ, ಚೆಲ್ಬುಟ್ಟು ತಗೊಂಡೋಗಿ.” ಕೆಆರ್‌ಎಸ್‌ನಲ್ಲಿ ಎಷ್ಟು ಅಡಿ ನೀರಿದೆ ಅಂತ ನೋಡಿಯೇ ದಿನಾ ಪೇಪರ್ ಬಿಡಿಸುವ ಜಿಲ್ಲೆ ಇದು. 124.80 ಅಡಿ ಮುಟ್ಟಿದರೆ ಊರೂರಲ್ಲಿ ಸಂಭ್ರಮ, ಇಳಿದರೆ ಹೆದ್ದಾರಿಯಲ್ಲಿ ಧರಣಿ. ಅಂಥ ಕಡೆ ಪರಿಸರ ದಿನಕ್ಕಾಗಿ ನಾಲ್ಕು ಬಾಟಲಿ ನೀರು ಚೆಲ್ಲುವುದು ಹೇಗೆ? ಬಸ್‌ಸ್ಟಾಂಡಿನಲ್ಲಿ ಕೂತು ನಾನೂ ಮಗಳೂ ಕುಡಿದೆವು, ಪಕ್ಕದವರಿಗೂ ಕುಡಿಸಿದೆವು.

ಇದೇ ಸಿಂಬಿಯನ್ನು ಮೈಸೂರಿಗೆ ತಗೊಂಡು ಹೋಗಿದ್ದರೆ ಕಥೆಯೇ ಬೇರೆ ಇರುತ್ತಿತ್ತು. 2015, 2016 ಎರಡೂ ವರ್ಷ ದೇಶದಲ್ಲೇ ಮೊದಲನೇ ಸ್ವಚ್ಛ ನಗರ ಅನಿಸಿಕೊಂಡ ಊರು. ಅಲ್ಲಿ ಈಗ ಕಾಫಿ ಕುಡಿಯೋಕೆ ಹೋದರೆ ಗೋಡೆ ಮೇಲೆ ರೇಷ್ಮೆ ಹುಳ ಗೂಡು ಕಟ್ಟುವ ಚಂದ್ರಿಕೆ ನೇತಾಡುತ್ತದೆ, ಸುತ್ತ ಬಲ್ಬು. ಅದೇ ಕೆಲಸಕ್ಕೆ ಪ್ಲಾಸ್ಟಿಕ್ ನೇತ್ರಿಕೆ ಬಂದ ಮೇಲೆ ನಮ್ಮ ಕಡೆ ಎಷ್ಟೋ ಮನೆಯಲ್ಲಿ ಅಟ್ಟ ಸೇರಿದ ಬಿದಿರಿನ ಚಂದ್ರಿಕೆ ಅದು. ಹಳ್ಳಿಗೆ ಪ್ಲಾಸ್ಟಿಕ್, ಪೇಟೆಗೆ ಬಿದಿರು. ಹೀರೇಕಾಯಿ ನಾರಿಗೆ ಲೇಬಲ್ಲು, ಬೇವಿನ ಕಡ್ಡಿಗೆ ಡಬ್ಬಿ. ಬೆರಣಿ, ಬೂದಿ ಎರಡೂ ಆನ್‌ಲೈನ್‌ನಲ್ಲಿ ಸಿಗುತ್ತವೆ. 2018ರಲ್ಲಿ ಅರ್ಧ ಹೋಳು ತೆಂಗಿನ ಚಿಪ್ಪಿಗೆ ಒಂದು ಆನ್‌ಲೈನ್ ಅಂಗಡಿ ಸಾವಿರಕ್ಕೂ ಜಾಸ್ತಿ ರೇಟು ಹಾಕಿ ದೇಶವೆಲ್ಲ ನಕ್ಕಿತ್ತು. ಅತ್ತೆಗೆ ಹೇಳಿದೆ. ಅವರು ನಗಲಿಲ್ಲ. ನೀರೊಲೆ ಮುಂದೆ ಕೂತು ಚಿಪ್ಪು ಒಡ್ಡುತ್ತಿದ್ದ ಮಾವನವರ ಕಡೆ ನೋಡಿ, “ಸಾವ್ರ ಸಾವ್ರ ಉರುಸ್ತಾ ಕೂತವ್ರಲ್ಲಪ್ಪಾ!” ಅಂದರು. ಹಿತ್ತಲ ಗಿಡ ಮದ್ದಲ್ಲ ಅಂತ ಗಾದೆ ಮಾಡಿದವರು ಕೊರಿಯರ್ ಚಾರ್ಜ್ ಸೇರಿಸಿ ನೋಡಿರಲಿಲ್ಲ.

ನಗರಗಳಲ್ಲಿ 2023ರ ಮೇ ತಿಂಗಳಲ್ಲಿ ಬೇಡವಾದ ಬಟ್ಟೆ, ಪುಸ್ತಕ, ಆಟದ ಸಾಮಾನು ಕೊಟ್ಟು ಹೋಗುವ, ಬೇಕಾದವರು ಒಯ್ಯುವ ಕೇಂದ್ರಗಳನ್ನೂ ತೆರೆದರು. ಅದು ನಿಜಕ್ಕೂ ಒಳ್ಳೆ ಕೆಲಸ, ಅದನ್ನು ಗೇಲಿ ಮಾಡುವುದಿಲ್ಲ. ಅದಕ್ಕೊಂದು ಉದ್ಘಾಟನೆ, ರಿಬ್ಬನ್ನು, ಹಾರ ಯಾಕೆ ಬೇಕು ಅನ್ನುವುದಷ್ಟೇ ನನ್ನ ತಕರಾರು.

ಸ್ಪರ್ಧೆಯ ದಿನ ಅತ್ತೆಯೂ ಬಂದಿದ್ದರು. ವೇದಿಕೆ ಹಿಂದೆ ಗೋಡೆಯಗಲದ ಫ್ಲೆಕ್ಸು, ಅದರಲ್ಲಿ ದಪ್ಪ ಅಕ್ಷರದಲ್ಲಿ ‘ಪ್ಲಾಸ್ಟಿಕ್ ತ್ಯಜಿಸಿ, ಪರಿಸರ ಉಳಿಸಿ’. ಅತಿಥಿಗಳ ಮುಂದೆ ಒಂದೊಂದು ಸಣ್ಣ ನೀರಿನ ಬಾಟಲಿ. ಕೈಯಲ್ಲಿ ಪ್ಲಾಸ್ಟಿಕ್ ಹಾಳೆ ಸುತ್ತಿದ ಹೂಗುಚ್ಛ. ಒಬ್ಬರು ಪರಿಸರದ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದರು. ಫ್ಯಾನಿಲ್ಲದ ಪೆಂಡಾಲಿನಲ್ಲಿ ಭೂಮಿ ಬಿಸಿಯಾಗುತ್ತಿರುವುದು ಎಲ್ಲರಿಗೂ ಅನುಭವಕ್ಕೆ ಬಂತು.

ಮೊದಲ ಬಹುಮಾನ ‘ನಮ್ಮ ಹಳ್ಳಿ ಮನೆ’ ಅನ್ನುವ ಮಾಡೆಲ್ಲಿಗೆ. ಥರ್ಮಾಕೋಲ್ ಗೋಡೆ, ಐಸ್‌ಕ್ರೀಮ್ ಕಡ್ಡಿಯ ಬಾಗಿಲು, ಬಾಟಲಿ ಕತ್ತರಿಸಿ ಮಾಡಿದ ಬಾವಿ, ಹಳದಿ ಉಲ್ಲನ್ನಿನ ಹುಲ್ಲಿನ ಮೆದೆ. ಬಹುಮಾನ ಪಡೆದ ಮಗುವಿಗೆ ಮೆದೆ ಯಾವುದು, ಮರ ಯಾವುದು ಅಂತ ಅಮ್ಮ ಕಿವಿಯಲ್ಲಿ ಹೇಳಿಕೊಡುತ್ತಿದ್ದರು. ಅತ್ತೆ ಕನ್ನಡಕ ಏರಿಸಿ, ಬಗ್ಗಿ, ಕೊಟ್ಟಿಗೆಯೊಳಗೆಲ್ಲ ಇಣುಕಿ ನೋಡಿದರು.

“ಎಲ್ಲಾ ಚೆಂದಾಗೈತೆ. ಮೆದೆ ಮ್ಯಾಲೆ ಒಂದು ಪ್ಲೆಕ್ಸ್ ಒದ್ಸಿಲ್ಲ ನೋಡು. ಮಳೆ ಬಂದ್ರೆ ದನ ಏನ್ ತಿಂದಾವು?”

ತೀರ್ಪುಗಾರರು ನಕ್ಕು ಮುಂದೆ ಹೋದರು. ನನಗಂತೂ ಇಡೀ ಕಾರ್ಯಕ್ರಮದಲ್ಲಿ ಕೇಳಿದ ತಾಂತ್ರಿಕ ಮಾತು ಅದೊಂದೇ ಅನ್ನಿಸಿತು.

ನಮ್ಮದು ಥರ್ಮಾಕೋಲ್ ಹೂಕುಂಡ. ಅದಕ್ಕೆ ಸಮಾಧಾನಕರ ಬಹುಮಾನವೂ ಬರಲಿಲ್ಲ. ಎಲ್ಲರಿಗೂ ಕೊಡುವ ಸರ್ಟಿಫಿಕೇಟು ಬಂತು. ‘ಪರಿಸರ ಸಂರಕ್ಷಣೆಗೆ ನೀಡಿದ ಕೊಡುಗೆಗಾಗಿ’ ಅಂತ ಬರೆದು, ಮಳೆಗೆ ನೆನೆದರೂ ಹಾಳಾಗದ ಹಾಗೆ ಗಟ್ಟಿಯಾಗಿ ಲ್ಯಾಮಿನೇಷನ್ ಮಾಡಿಸಿದ್ದರು. ಹೊರಡುವಾಗ ಅತ್ತೆ ಕಾಣಲಿಲ್ಲ. ಹುಡುಕಿದರೆ ವೇದಿಕೆ ಹಿಂದೆ ವಾಚ್‌ಮನ್ ಜೊತೆ ಮಾತುಕತೆ ನಡೆದಿತ್ತು. ಫ್ಲೆಕ್ಸ್ ಸುರುಳಿ ಅದಾಗಲೇ ಅವರ ಕಂಕುಳಲ್ಲಿತ್ತು.

ಹೂಕುಂಡ ಮನೆಗೆ ಬಂದ ಮೇಲೆ ಅತ್ತೆ ಅದನ್ನು ಕೈಯಲ್ಲಿ ಹಿಡಿದು ತುಂಬ ಹೊತ್ತು ತಿರುಗಿಸಿ ನೋಡಿದರು. ನೀರು ಹಾಕಿದರೆ ಸೋರಿತು. ಒಲೆಗೆ ಒಂದು ಚೂರು ಹಾಕಿದರೆ ಕರಿ ಹೊಗೆ ಬಂದು ಮಾವನವರು ಕೆಮ್ಮುತ್ತಾ ಎದ್ದು ಹೋದರು. ತಿಪ್ಪೆಗೆ ಹಾಕಿದರೆ ಕರಗುವುದಿಲ್ಲ, ಗೊಬ್ಬರದ ಜೊತೆ ಗದ್ದೆಗೆ ಹೋಗುತ್ತದೆ. ಕೋಳಿ ಕುಕ್ಕಲು ಬಂದಾಗ ಅದನ್ನೂ ಓಡಿಸಬೇಕಾಯ್ತು. ಇಷ್ಟು ವರ್ಷದಲ್ಲಿ ಅತ್ತೆ ಸೋತಿದ್ದು ನಾನು ನೋಡಿದ್ದು ಅದೇ ಮೊದಲು.

“ಅಮ್ಮಿ, ಕಸ ಅಂದ್ರೆ ಇದೇ ಇರ್ಬೇಕು ಕಣೆ” ಅಂದರು.

ಮಾರನೇ ಬೆಳಿಗ್ಗೆ ಸ್ವಚ್ಛ ವಾಹಿನಿಯ ಹಾಡು ಕೇಳಿದ್ದೇ ತಡ, ಅತ್ತೆ ಹೂಕುಂಡ ಹಿಡಿದು ರಸ್ತೆಗೆ ಓಡಿದರು. ಅಕ್ಕಪಕ್ಕದ ಮನೆಯವರಿಗೆಲ್ಲ ಕಾಣುವ ಹಾಗೆ ಎತ್ತಿ ಹಿಡಿದಿದ್ದರು. ಡ್ರೈವರ್ ಹುಡುಗಿ ಹಿಂದೆ ಮುಂದೆ ತಿರುಗಿಸಿ ನೋಡಿದಳು.

“ಇದು ಒಣ ಕಸದಲ್ಲೂ ಓಗಲ್ಲ ದೊಡ್ಡವ್ವಾ. ಗೋಂದು, ಗ್ಲಿಟರ್ ಎಲ್ಲಾ ಮೆತ್ತವ್ರೆ. ಗುಜರಿಯವ್ರೂ ಮುಟ್ಟಲ್ಲ. ಬೇರೆ ಏನಾರ ಕಸ ಇದ್ರೆ ಕೊಡಿ.”

ಅತ್ತೆ ಒಳಗೆ ಬಂದು ಗೋಡೆಗೆ ತೂಗುಹಾಕಿದ್ದ ಸರ್ಟಿಫಿಕೇಟ್ ಕಳಚಿಕೊಂಡು ಹೋಗಿ ಕೊಟ್ಟರು. ರಿಜಿಸ್ಟರಿನಲ್ಲಿ ನಮ್ಮ ಮನೆಯ ಮುಂದೆ ‘ಕೊಟ್ಟರು’ ಅಂತ ಟಿಕ್ ಬಿತ್ತು.