ಅಮ್ಮನ ಕವರು, ನನ್ನ ಡಾಕ್ಟರ ಕಂಪ್ಯೂಟರು

ಚಿಕ್ಕಮಗಳೂರಿನ ನಮ್ಮ ಮನೆಯಲ್ಲಿ ಅಮ್ಮನ ಕಾಯಿಲೆಯ ಚರಿತ್ರೆಯೆಲ್ಲ ಸೀರೆ ಅಂಗಡಿಯ ಒಂದು ಪ್ಲಾಸ್ಟಿಕ್ ಕವರಿನಲ್ಲಿದೆ. ಚೀಟಿ, ಶುಗರ್ ರಿಪೋರ್ಟು, ಎಕ್ಸ್‌ರೇ, ಮೆಡಿಕಲ್ ಶಾಪಿನ ಬಿಲ್ಲು, ಎಲ್ಲ ಅದರಲ್ಲೇ. ಡಾಕ್ಟರ ಹತ್ತಿರ ಹೋಗುವಾಗ ಕವರೂ ಹೋಗುತ್ತದೆ. ವಾಪಸು ಬರುವಾಗ ಒಂದು ಚೀಟಿ ಜಾಸ್ತಿ.

ನಾನಿರುವುದು ಅಮೆರಿಕದ ಓಹಾಯೋದಲ್ಲಿ. ನಾನು ಹೋಗುವುದೂ ಸಣ್ಣ ಕ್ಲಿನಿಕ್ಕಿಗೇ, ಇಬ್ಬರೇ ಡಾಕ್ಟರು. ಆದರೆ ಬ್ರೌಸರ್ ತೆರೆದರೆ ನನ್ನ ಇಷ್ಟು ವರ್ಷದ ಬಿಪಿ ಸಾಲಾಗಿ ಕಾಣುತ್ತದೆ. ಔಷಧಿ ಚೀಟಿ ಕೈಗೆ ಬರುವುದೇ ಇಲ್ಲ, ನೇರ ಫಾರ್ಮಸಿಗೆ ಹೋಗುತ್ತದೆ. ಊರಿಗೆ ಬಂದಾಗಲೆಲ್ಲ "ಇಲ್ಲೂ ಹೀಗೇ ಆಗಬೇಕು" ಅಂತ ಭಾಷಣ ಬಿಗಿಯುತ್ತಿದ್ದೆ.

ಈಗ ಅಷ್ಟು ಜೋರಾಗಿ ಹೇಳುವುದಿಲ್ಲ. ಓಹಾಯೋದಲ್ಲಿ ಡಾಕ್ಟರು ನನಗಿಂತ ಜಾಸ್ತಿ ನೋಡುವುದು ಪರದೆಯನ್ನು. ಟೈಪ್ ಮಾಡುವುದರಲ್ಲಿ ಬಹಳಷ್ಟು ವಿಮೆಯವರಿಗೆ ಬೇಕಾದ ಕೋಡು. ಕಾಗದ ಬಿಟ್ಟು ಕಂಪ್ಯೂಟರಿಗೆ ಬದಲಾಗುವ ಡಾಕ್ಟರಿಗೆ 44,000 ಡಾಲರ್‌ವರೆಗೆ ಮೆಡಿಕೇರ್‌ನಿಂದ, ಅಂದರೆ ಮುಖ್ಯವಾಗಿ ವಯಸ್ಸಾದವರಿಗಿರುವ ಸರ್ಕಾರಿ ವಿಮೆಯಿಂದ, ಸಿಗುವಂತೆ 2009ರ ಕಾನೂನು ಮಾಡಿತು. ಬದಲಾಗದವರಿಗೆ ಮೆಡಿಕೇರ್ ಕೊಡುವ ಹಣದಲ್ಲಿ 2015ರಿಂದ ಕಡಿತ. ಇಷ್ಟಾದ ಮೇಲೆ ಯಾರು ಬಿಟ್ಟಾರು? ಸಣ್ಣ ಕ್ಲಿನಿಕ್ಕುಗಳಿಗೆ ಪುಕ್ಕಟೆ ಸಿಗುತ್ತಿದ್ದ ಪ್ರಾಕ್ಟೀಸ್ ಫ್ಯೂಷನ್ ಎಂಬ, ರೋಗಿಗಳ ದಾಖಲೆ ಇಡುವ ವೆಬ್ ಸಾಫ್ಟ್‌ವೇರಿನ ಕಥೆ ಇನ್ನೂ ಸೊಗಸು. ನೋವಿನ ಮಾತ್ರೆ ಕಂಪನಿಯಿಂದ ದುಡ್ಡು ಪಡೆದು, ಡಾಕ್ಟರ ಪರದೆಯ ಮೇಲೆ ಅದಕ್ಕೆ ಅನುಕೂಲವಾಗುವ ಸೂಚನೆ ಬರುವಂತೆ ಮಾಡಿದ್ದನ್ನು ಒಪ್ಪಿಕೊಂಡು, 2020ರಲ್ಲಿ 14.5 ಕೋಟಿ ಡಾಲರ್ ಕಟ್ಟಲು ಒಪ್ಪಿತು. ಪುಕ್ಕಟೆ ಅಂದರೆ ಹೀಗೆ.

ಡಾಕ್ಟರು ಬರೆದ ಟಿಪ್ಪಣಿಯನ್ನು ರೋಗಿ ತಡವಿಲ್ಲದೆ ಕಂಪ್ಯೂಟರಿನಲ್ಲೇ ಓದುವಂತಿರಬೇಕು ಎಂಬ ನಿಯಮ ಅಮೆರಿಕದಲ್ಲಿ ಜಾರಿಗೆ ಬಂದದ್ದು 2021ರ ಏಪ್ರಿಲ್‌ನಲ್ಲಿ. ಅಮ್ಮನ ಕೈಯಲ್ಲಿ ಅದು ಮೊದಲಿಂದಲೂ ಇತ್ತು. ಅಕ್ಷರ ಓದಲು ಬರುತ್ತಿರಲಿಲ್ಲ, ಆ ಮಾತು ಬೇರೆ. ಆದರೆ 1-0-1 ಅಂದರೆ ಬೆಳಿಗ್ಗೆ ಒಂದು, ರಾತ್ರಿ ಒಂದು ಅಂತ ಅವಳಿಗೆ ಗೊತ್ತು.

ಹಾಗಂತ ಕವರೇ ಸಾಕು ಅನ್ನಲಾರೆ. ಹಿಂದೊಮ್ಮೆ ಮಳೆಗಾಲದಲ್ಲಿ ಅಮ್ಮನಿಗೆ ಎದೆನೋವು ಬಂತು. ಹಾಸನಕ್ಕೆ ಕರೆದುಕೊಂಡು ಹೋದೆವು. "ಹಳೇ ಇಸಿಜಿ ಇದ್ಯಾ?" ಅಂದರು. ಇದೆ ಸಾರ್ ಅಂತ ಹೆಮ್ಮೆಯಿಂದ ಕವರಿನಿಂದ ತೆಗೆದುಕೊಟ್ಟೆ. ಬರೀ ಖಾಲಿ ಹಾಳೆ! ಶಾಖಕ್ಕೆ ಮೂಡುವ ಗೆರೆ ಅದು, ದಿನ ಕಳೆದಂತೆ ಅಳಿಸಿಹೋಗುತ್ತದೆ. ಮೂಲೆಯಲ್ಲಿ ಪೆನ್ನಿನಲ್ಲಿ ಬರೆದ ಅಮ್ಮನ ಹೆಸರು, ತಾರೀಕು ಮಾತ್ರ ಉಳಿದಿತ್ತು. ಈಗಿನ ಗೆರೆಯಲ್ಲಿನ ವ್ಯತ್ಯಾಸ ಹಳೆಯದೋ ಹೊಸದೋ ತಿಳಿಯದೆ, ರಾತ್ರಿಯಿಡೀ ಮಾನಿಟರ್ ಹಾಕಿ ಮಲಗಿಸಿಕೊಂಡರು. ಏನೂ ಇರಲಿಲ್ಲ, ಪುಣ್ಯ. ಅಂಥ ಹೊತ್ತಿಗೆ ವೆಬ್‌ನಲ್ಲಿ ಒಂದು ಪ್ರತಿ ಬೇಕೇ ಬೇಕು.

ನಮ್ಮಲ್ಲೂ ಆರೋಗ್ಯ ದಾಖಲೆಗಳನ್ನು ಕಂಪ್ಯೂಟರಿನಲ್ಲಿ ಜೋಡಿಸುವ ಸರ್ಕಾರದ ಯೋಜನೆ, ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್, 2021ರಿಂದ ಇದೆ. ಅದರ 14 ಅಂಕಿಯ ಆರೋಗ್ಯ ಖಾತೆ ಸಂಖ್ಯೆ, ಆಭಾ, ಅಮ್ಮನಿಗೂ ಮಾಡಿಸಿದ್ದೇನೆ. ರೋಗಿ ಒಪ್ಪಿದರೆ ಮಾತ್ರ ಇನ್ನೊಬ್ಬ ಡಾಕ್ಟರು ದಾಖಲೆ ನೋಡಬಹುದು ಎಂಬ ಅದರ ಲೆಕ್ಕ ಕವರಿನ ಲೆಕ್ಕವೇ ಅಲ್ವಾ? ಆದರೆ ಒಬ್ಬರೇ ಡಾಕ್ಟರು, ಒಬ್ಬ ಕಾಂಪೌಂಡರು ಇರುವ ಕ್ಲಿನಿಕ್ಕಿನಲ್ಲಿ ಸಂಜೆ ಬೆಂಚು ತುಂಬಿರುವಾಗ ಟೈಪ್ ಮಾಡುತ್ತಾ ಕೂರುವವರು ಯಾರು? ಜುಲೈನಲ್ಲಿ ಮರ ಬಿದ್ದು ಕರೆಂಟು ಹೋದರೆ, ಹಿಂದೆಯೇ ನೆಟ್ಟೂ ಹೋಗುತ್ತದೆ. ಆಗಲೂ ಕೆಲಸ ಮಾಡುವ, ಕೈಬರಹದ ಚೀಟಿಯ ಫೋಟೋ ಹಿಡಿದಿಟ್ಟು ನೆಟ್ ಬಂದ ಮೇಲೆ ಕಳಿಸುವ ಸಾಫ್ಟ್‌ವೇರು ಸಾಕು ನಮಗೆ. ಚೀಟಿ ಮಾತ್ರ ಅಮ್ಮನ ಕೈಗೇ ಬರಲಿ.

ಸದ್ಯಕ್ಕೆ ಹೊಸ ಇಸಿಜಿಯನ್ನು ಜೆರಾಕ್ಸ್ ಮಾಡಿಸಿ ಕವರಿಗೆ ಹಾಕಿದ್ದೇನೆ. ಖಾಲಿ ಹಾಳೆಯನ್ನು ಬಿಸಾಡಲು ಅಮ್ಮ ಬಿಡಲಿಲ್ಲ. "ತಾರೀಕು ಇದ್ಯಲ್ಲೋ, ಇರ್ಲಿ" ಅಂದಳು.