ಅರ್ಧ ಗಂಟೆಯ ದೇಶಕ್ಕೆ ನಾಲ್ಕನೆಯ ಮುಳ್ಳು

ಬೆಂಗಳೂರಿನ ಸಂಬಳದಾರರಿಗೆ ಹೊಸ ಗೀಳು ಹತ್ತಿದೆ. ಎರಡು ದೇಶಗಳ ಸಮಯ ತೋರಿಸುವ ಕೈಗಡಿಯಾರ, ಅಂದರೆ ಜಿಎಂಟಿ ವಾಚು, ಕೊಳ್ಳುವುದು ಹಳೆಯ ಮಾತಾಯಿತು. ಈಗ ಕೊಂಡ ವಾಚಿನ ಬೆನ್ನು ಬಿಚ್ಚಿಸಿ, ಒಳಗಿನ ಮೆಷಿನ್ ಕೀಳಿಸಿ, ಬೇರೊಂದನ್ನು ಕೂರಿಸಬೇಕು. ಕೆಟ್ಟಿದೆಯೇ? ಇಲ್ಲ. ಹಿಂದೆ ಓಡುತ್ತಿದೆಯೇ? ಅದೂ ಇಲ್ಲ. ಮತ್ತೇನು ರೋಗ ಎಂದರೆ, ಅದು ‘ನಿಜವಾದ’ ಜಿಎಂಟಿ ಅಲ್ಲವಂತೆ.

ಜಾತಿ ಗೊತ್ತಿರುವ ನಮಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ತಿರುಪು ಎಳೆದು ತಿರುಗಿಸಿದಾಗ ಗಂಟೆಯ ಮುಳ್ಳೇ ಗಂಟೆಗೊಂದು ಹೆಜ್ಜೆ ಜಿಗಿದರೆ ಅದು ಮೇಲಿನ ಜಾತಿ, ವಿಮಾನವೇರುವವರದು. ಇಪ್ಪತ್ನಾಲ್ಕು ಗಂಟೆಗೆ ಒಂದು ಸುತ್ತು ಬರುವ ನಾಲ್ಕನೆಯ ಮುಳ್ಳು ಮಾತ್ರ ಜಿಗಿದರೆ ಕೆಳಗಿನ ಜಾತಿ, ಕುರ್ಚಿಯಲ್ಲಿ ಕುಳಿತು ಪರದೇಶಕ್ಕೆ ಫೋನ್ ಮಾಡುವವರದು. ಜಪಾನಿನ ಸೀಕೊ ಕಂಪನಿಯ ಮೆಷಿನ್ ಎನ್‌ಎಚ್34 ಪಾಪ ಕುರ್ಚಿ ಕುಲದಲ್ಲಿ ಹುಟ್ಟಿತು. ಅಲ್ಲಿನದೇ ಇನ್ನೊಂದು ಮೆಷಿನ್ ಮಿಯೋಟ 9075 ವಿಮಾನದ ಕುಲದಲ್ಲಿ. ಹಾಗಾಗಿ ಅದನ್ನು ಕಿತ್ತು ಇದನ್ನು ಹಾಕಿಸುವುದೆಂದರೆ ವಾಚಿಗೆ ಉಪನಯನ. ಡಯಲ್ ಕೂರುವುದಿಲ್ಲ, ಹಳೆಯ ಮುಳ್ಳುಗಳ ತೂತು ಹೊಂದುವುದಿಲ್ಲ, ತಿರುಪಿನ ಕಡ್ಡಿಯನ್ನು ಹೊಸದಾಗಿ ಕತ್ತರಿಸಬೇಕು. ಇರಲಿ, ಸಂಸ್ಕಾರ ಮುಖ್ಯ. ಇನ್ನು ಮೂರು ಮುಳ್ಳಿನ ಎನ್‌ಎಚ್35 ಇದ್ದ ಕಡೆ ಎನ್‌ಎಚ್34 ತುರುಕುವವರ ಪಾಡು ಬೇರೆ. ನಾಲ್ಕನೆಯ ಮುಳ್ಳಿಗೆ ಎತ್ತರ ಸಾಲದೆ ಸೆಕೆಂಡಿನ ಮುಳ್ಳು ಗಾಜಿಗೆ ತಲೆ ತಾಗಿಸುತ್ತದೆ. ವಾರಂಟಿ ಮೊದಲೇ ಹೋಗಿರುತ್ತದೆ. ಮುಂದಿನ ಮಳೆಗೆ ಒಳಗೆ ಹಬೆ ಕಟ್ಟುತ್ತದೆ.

ಇಷ್ಟೆಲ್ಲ ಮಾಡಿ ಆ ವಾಚು ನಮಗೆ ಏನು ತೋರಿಸುತ್ತದೆ? ತಪ್ಪು ಸಮಯ!

ಯಾರೂ ಬಾಯಿ ಬಿಡದ ಗುಟ್ಟು ಇದು. ಆ ಮುಳ್ಳು ಜಿಗಿಯುವುದು ಪೂರ್ತಿ ಗಂಟೆಗಳನ್ನು. ನಾವಿರುವುದು ಗ್ರೀನ್‌ವಿಚ್‌ಗಿಂತ ಐದೂವರೆ ಗಂಟೆ ಮುಂದೆ. 1906ರಲ್ಲಿ ಬ್ರಿಟಿಷರು ಎಂಬತ್ತೆರಡೂವರೆ ಡಿಗ್ರಿ ರೇಖಾಂಶವನ್ನು ಹಿಡಿದು ಕೊಟ್ಟುಹೋದ ಆ ಅರ್ಧ ಗಂಟೆ ಇವೆರಡರಲ್ಲಿ ಯಾವ ಮೆಷಿನ್ ಹಾಕಿಸಿದರೂ ಬಗ್ಗುವುದಿಲ್ಲ. ಚಳಿಗಾಲದಲ್ಲಿ ಇಲ್ಲಿ ರಾತ್ರಿ ಒಂಬತ್ತಾದಾಗ ನ್ಯೂಯಾರ್ಕಿನಲ್ಲಿ ಬೆಳಗಿನ ಹತ್ತೂವರೆ. ವಾಚು ಹತ್ತು ಎನ್ನುತ್ತದೆ, ಇಲ್ಲವೇ ಹನ್ನೊಂದು ಎನ್ನುತ್ತದೆ. ಉಳಿದರ್ಧವನ್ನು ಧಣಿಗಳೇ ಮನಸ್ಸಿನಲ್ಲಿ ಕೂಡಿಕೊಳ್ಳಬೇಕು. ಕೂಡುವ ಲೆಕ್ಕ ಬರುವವನಿಗೆ ನಾಲ್ಕನೆಯ ಮುಳ್ಳು ಏಕೆ ಬೇಕಿತ್ತು ಎಂದು ಕೇಳಬಾರದು. ರೋಲೆಕ್ಸ್ ಕಂಪನಿ 1950ರ ದಶಕದಲ್ಲಿ ಅಮೆರಿಕದ ಪ್ಯಾನ್ ಆಮ್ ವಿಮಾನ ಕಂಪನಿಯ ಪೈಲಟ್‌ಗಳಿಗಾಗಿ ಇಂಥ ವಾಚು ಮಾಡಿಕೊಟ್ಟಾಗ ಅವರ ಕಣ್ಣ ಮುಂದೆ ಸಿಲ್ಕ್ ಬೋರ್ಡ್ ಇರಲಿಲ್ಲ.

ನಮ್ಮ ಹಿರಿಯರ ಉಪಾಯ ಇದಕ್ಕಿಂತ ಅಗ್ಗದ್ದು. ಮಾಮೂಲಿ ಮುಳ್ಳಿನ ವಾಚನ್ನು ತಲೆಕೆಳಗು ಮಾಡಿ ಹಿಡಿಯಿರಿ, ಲಂಡನ್ ಸಮಯ ಬರುತ್ತದೆ. ಇಲ್ಲಿ ಹನ್ನೆರಡಾದರೆ ಅಲ್ಲಿ ಆರೂವರೆ, ಎರಡೂ ಮುಳ್ಳು ಆರರ ಮೇಲೆ. ಗಂಟೆಯ ಮುಳ್ಳು ಕೊಂಚ ಹಿಂದೆ ಬೀಳುತ್ತದೆ, ಬೇಸಿಗೆಯಲ್ಲಿ ಇಂಗ್ಲೆಂಡಿನವರು ಗಡಿಯಾರ ಸರಿಸಿಕೊಂಡರೆ ಉಪಾಯ ಕೆಡುತ್ತದೆ, ನಿಜ. ಆದರೆ ಪುಕ್ಕಟೆ.

ಅರ್ಧ ಗಂಟೆಗೆ ಪರಿಹಾರವೇ ಇರಲಿಲ್ಲ ಎಂದಲ್ಲ. ಒಂದೇ ಕವಚದಲ್ಲಿ ಎರಡು ಪುಟ್ಟ ಮೆಷಿನ್, ಎರಡು ಡಯಲ್ ಇರುವ ವಾಚುಗಳು ಹಿಂದೆ ಬಂದಿದ್ದವು. ಎರಡಕ್ಕೂ ಬೇರೆ ಬೇರೆ ನಿಮಿಷದ ಮುಳ್ಳು, ಬೇರೆ ಬೇರೆ ಕೀಲಿ. ಒಂದೇ ಮನೆಯಲ್ಲಿ ಎರಡು ಒಲೆ ಹೂಡಿದ ಅಣ್ಣತಮ್ಮಂದಿರ ಹಾಗೆ. ಅದರಲ್ಲೊಂದು ಮೆಷಿನ್ ಸತ್ತರೆ ಬಿಡಿಭಾಗ ಸಿಗದ ರಿಪೇರಿಯವರು ಅಲ್ಲಿಗೆ ಬ್ಯಾಟರಿಯದನ್ನು ಕೂರಿಸಿ ಕೊಡುತ್ತಾರೆ. ಆಮೇಲೆ ಅಮೆರಿಕ ಸೆಲ್ಲಿನಲ್ಲಿ ಕರಾರುವಾಕ್ಕಾಗಿ ಓಡುತ್ತದೆ, ಭಾರತ ಕೀಲಿ ಕೊಡುವುದನ್ನು ಮರೆತ ದಿನ ನಿಲ್ಲುತ್ತದೆ. ನನಗೆ ಕೇಳಿದರೆ ಇಷ್ಟು ಸತ್ಯ ಹೇಳುವ ವಾಚು ಇನ್ನೊಂದಿಲ್ಲ.

ಈ ನಗರದಲ್ಲಿ ಮೆಷಿನ್ ಬದಲಿಸುವುದನ್ನು ದೊಡ್ಡ ವಿದ್ಯೆಯಂತೆ ಆಡಿಕೊಳ್ಳುವುದನ್ನು ಕಂಡಾಗ ಮಾತ್ರ ನಗು ನಿಂತುಹೋಗುತ್ತದೆ. ಇದು ಮೆಷಿನ್ ಮಾಡುತ್ತಿದ್ದ ಊರು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯಿಂದ ಕಲಿತು ಎಚ್‌ಎಂಟಿ ಇಲ್ಲಿ ವಾಚು ಕಟ್ಟಿತು. ಮುಂದೆ ತುಮಕೂರಿಗೂ ಕಾರ್ಖಾನೆ ಬಂತು. ಆ ‘ಜನತಾ’, ‘ಪೈಲಟ್’ ವಾಚುಗಳನ್ನು ಮದುವೆಗೆ, ನೌಕರಿಗೆ, ನಿವೃತ್ತಿಗೆ ಕಟ್ಟಿಕೊಂಡೆವು. 2016ರಲ್ಲಿ ಕೇಂದ್ರ ಸಂಪುಟ ಮುಚ್ಚಲು ಒಪ್ಪಿದಾಗ ಪತ್ರಿಕೆ ಮಡಿಸಿಟ್ಟು ಕಾಫಿ ಕುಡಿದೆವು. ಈಗ ಅದೇ ಜಪಾನಿನ ಮೆಷಿನನ್ನು ಅಂಚೆಯಲ್ಲಿ ತರಿಸಿ, ಸುಂಕ ಕಟ್ಟಿ, ಕಿತ್ತು ಹಾಕಿ ಆಡುತ್ತಿದ್ದೇವೆ. ಇದಕ್ಕೆ ಹವ್ಯಾಸ ಎಂದು ಹೆಸರು. ಐವತ್ತೈದು ವರ್ಷ ಕಲಿತದ್ದನ್ನು ಕಳೆದುಕೊಂಡು ಬಿಡಿಭಾಗದ ಗಿರಾಕಿಗಳಾದೆವು, ಅಷ್ಟೇ.

ಹೋಗಲಿ, ವಾಚು ಒಗ್ಗದಿದ್ದರೆ ದೇಶದ ಸಮಯವನ್ನೇ ಬದಲಿಸಬಹುದಲ್ಲ? 2018ರಲ್ಲಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ವಿಜ್ಞಾನಿಗಳು ಈಶಾನ್ಯಕ್ಕೆ ಬೇರೆ ಸಮಯ ಕೊಡಿ ಎಂದು ಸೂಚಿಸಿದ್ದರು. ಅದೂ ಗ್ರೀನ್‌ವಿಚ್‌ಗಿಂತ ಆರೂವರೆ ಗಂಟೆ ಮುಂದೆ. ಅರ್ಧ ಗಂಟೆಯ ಋಣ ಅಲ್ಲಿಯೂ ಹರಿಯಲಿಲ್ಲ. ಆದರೆ ನಮ್ಮದಕ್ಕೂ ಅದಕ್ಕೂ ಅಂತರ ಸರಿಯಾಗಿ ಒಂದು ಗಂಟೆ. ಸರ್ಕಾರ ಒಪ್ಪಲಿಲ್ಲ. ಒಪ್ಪಬೇಕಾಗಿಯೂ ಇರಲಿಲ್ಲ, ಅಸ್ಸಾಮಿನ ಚಹಾ ತೋಟಗಳು ಬ್ರಿಟಿಷರ ಕಾಲದಿಂದಲೇ ಒಂದು ಗಂಟೆ ಮುಂದಿಟ್ಟ ‘ಬಾಗಾನ್ ಟೈಮ್’ ಇಟ್ಟುಕೊಂಡಿವೆ. ಎಂದರೆ ಈ ದೇಶದಲ್ಲಿ ನಾಲ್ಕನೆಯ ಮುಳ್ಳು ನಿಮಿಷವೂ ತಪ್ಪದಂತೆ ಕೆಲಸ ಮಾಡುವ ಒಂದು ಜಾಗ ಇದೆ. ಕುರ್ಚಿ ಜಾತಿಯದಾದರೂ ಸಾಕು, ಏನನ್ನೂ ಕೀಳಿಸಬೇಕಿಲ್ಲ. ಅಲ್ಲಿ ಎಲೆ ಕೀಳುವ ಹೆಂಗಸರು ತೋಟದ ಸೈರನ್ ಕೇಳಿ ಕೆಲಸಕ್ಕೆ ಹೋಗುತ್ತಾರೆ.