ದೊಡ್ಡಮ್ಮನ ಉಪ್ಪಿನ ಗಂಟು

ನಮ್ಮ ಮನೆಯಲ್ಲಿ ಯಾರೂ ‘ಅಯ್ಯೋ’ ಅನ್ನುವ ಹಾಗಿಲ್ಲ. ಅಂದರೆ ಸಾಕು, ಬಾಣಲೆ ಒಲೆ ಏರುತ್ತದೆ, ಕಲ್ಲುಪ್ಪು ಚಟಪಟ ಅನ್ನುತ್ತದೆ, ಹಳೇ ಪಂಚೆಯ ತುಂಡಲ್ಲಿ ಗಂಟು ಕಟ್ಟಿಕೊಂಡು ದೊಡ್ಡಮ್ಮ ಹಾಜರ್.

ಮೊನ್ನೆ ಮೆಟ್ಟಿಲಿಳಿಯುವಾಗ ನನ್ನ ಕಾಲು ಉಳುಕಿತು. ನೋಡನೋಡುತ್ತಲೇ ಊದಿ ಮೈಸೂರು ಬೋಂಡಾ ಆಯಿತು. ಹೊಸ ಊತಕ್ಕೆ ಎರಡು ದಿನ ಶಾಖ ಬೇಡ, ರಕ್ತ ಜಾಸ್ತಿ ನುಗ್ಗಿ ಇನ್ನೂ ಊದುತ್ತದೆ, ಬಟ್ಟೆಯಲ್ಲಿ ಸುತ್ತಿ ಐಸ್ ಇಡೋಣ ಅಂದೆ. “ಐಸಾ? ಶೀತ ಆದ್ರೆ?” ಅಂದರು. ಶೀತವಂತೆ, ಕಾಲಿಗೆ!

ಹಿಡಿದ ಸೊಂಟಕ್ಕೆ, ಬಿಗಿದ ಕತ್ತಿಗೆ ಅವರ ಗಂಟು ಒಳ್ಳೆಯ ಮದ್ದೇ, ಇಲ್ಲ ಅನ್ನಲ್ಲ. ತಕರಾರು ಇರುವುದು ಅವರು ಬಿಸಿ ನೋಡುವ ರೀತಿಗೆ. ಗಂಟನ್ನು ಅಂಗೈಗೆ ಒತ್ತಿಕೊಂಡು, “ಬರೀ ಬೆಚ್ಚಗಿದೆ ಕಣೇ” ಅನ್ನುತ್ತಾರೆ. ಯಾವ ಅಂಗೈ? ಕಾದ ಕಾವಲಿಯ ಮೇಲಿನ ರೊಟ್ಟಿಯನ್ನು ಬರಿಗೈಯಲ್ಲಿ ತಿರುಗಿಸುವ ಅಂಗೈ. ಕುದಿಯುವ ಸಾರಿನ ಪಾತ್ರೆಯನ್ನು ಇಕ್ಕಳ ಹುಡುಕದೆ ಇಳಿಸುವ ಅಂಗೈ. ಅದಕ್ಕೆ ಬೆಚ್ಚಗಿದ್ದದ್ದು ನಮಗೆ ಬೊಬ್ಬೆ ಏಳಿಸುತ್ತದೆ, ನಾವೂ ಬೊಬ್ಬೆ ಹಾಕುತ್ತೇವೆ. ಒಮ್ಮೆ ತಮ್ಮನ ಬೆನ್ನಿಗೆ ನೋವಿನ ಮುಲಾಮು ತಿಕ್ಕಿ, ಅದರ ಮೇಲೇ ಗಂಟು ಒತ್ತಿದರು. ಮುಲಾಮಿನ ಮೇಲೆ ಶಾಖ ಬಿದ್ದರೆ ಚರ್ಮ ಸುಡುತ್ತದೆ ಅಂತ ಆವತ್ತು ಎದುರು ಮನೆಯವರಿಗೂ ಗೊತ್ತಾಯಿತು.

ಈ ಕಾಟ ತಪ್ಪಲಿ ಅಂತ ರಬ್ಬರಿನ ಬಿಸಿನೀರಿನ ಚೀಲ ತಂದೆ. ಮುಕ್ಕಾಲಿಗಿಂತ ಕಡಿಮೆ ನೀರು, ಅದೂ ಕುದಿಯೋದಲ್ಲ. ಗಾಳಿ ಹಿಂಡಿ ತೆಗೆದು ಬಿರಡೆ ಬಿಗಿ ಮಾಡಿ, ಟವೆಲ್ ಸುತ್ತಿ, 15-20 ನಿಮಿಷ ಸಾಕು ಅಂತ ಪಾಠ ಮಾಡಿದೆ. ತಲೆ ಆಡಿಸಿದರು. ಹೋದ ಚಳಿಗಾಲದ ಒಂದು ರಾತ್ರಿ ಕುದಿಯುವ ನೀರನ್ನೇ ಕತ್ತಿನವರೆಗೆ ತುಂಬಿ, ಅದರ ಮೇಲೆ ಕಾಲಿಟ್ಟು ಮಲಗಿದರು. ಬೆಳಿಗ್ಗೆ ನೋಡಿದರೆ ಹಿಮ್ಮಡಿಯಲ್ಲಿ ಲಿಂಬೆಗಾತ್ರದ ಬೊಬ್ಬೆ.

“ಉರಿಯಲೇ ಇಲ್ಲ ಕಣೇ” ಅಂದರು, ತಪ್ಪು ಚೀಲದ್ದೇ ಅನ್ನುವ ಹಾಗೆ. ಸಕ್ಕರೆ ಕಾಯಿಲೆ ಪಾದದ ನರಗಳನ್ನು ಯಾವಾಗ ಮಂಕು ಮಾಡಿತೋ, ಅವರಿಗೂ ತಿಳಿದಿರಲಿಲ್ಲ, ನಮಗೂ. ಆ ಹುಣ್ಣು ಮಾಗಲು ಎಷ್ಟೋ ದಿನ ಹಿಡಿಯಿತು. ಆ ದಿನಗಳಲ್ಲಿ ಬಾಣಲೆ ಸುಮ್ನೆ ಇತ್ತು, ಮನೆಯೂ.

ಈಗ ಅವರ ಕಾಲಿನ ಹತ್ತಿರ ಬಿಸಿ ಸುಳಿಯುವಂತಿಲ್ಲ. ಬೆನ್ನಿಗೆ ಇಡುವ ಮುಂಚೆಯೂ ಬಿಸಿ ನೋಡುವ ಕೆಲಸ ನನ್ನದು. “ಜಾಸ್ತಿ ಆಯ್ತು ದೊಡ್ಡಮ್ಮ, ಸ್ವಲ್ಪ ಆರಲಿ” ಅಂದರೆ ಸಿಟ್ಟು ಬರುತ್ತದೆ.

“ನಿನ್ನ ಕೈಗೇನೇ ಗೊತ್ತು? ಒಂದು ರೊಟ್ಟಿ ತಿರುಗಿಸಿದ್ದೀಯಾ?”